ಚಿನ್ನ ಯಾರಿಗೆ, ಧೂಳು ಯಾರಿಗೆ?

ಕೋಲಾರದ ಚಿನ್ನದ ಗಣಿ ನಷ್ಟದಿಂದ ಮುಚ್ಚಿತು ಎನ್ನುತ್ತಾರೆ. ಯಾರ ನಷ್ಟ, ಸ್ವಾಮಿ? 1880ರಲ್ಲಿ ಜಾನ್ ಟೇಲರ್ ಕಂಪೆನಿ ಕೈಹಾಕಿದಂದಿನಿಂದ ಸುಮಾರು 800 ಟನ್ ಚಿನ್ನ ಮೇಲೆ ಬಂತು. ಅದರ ಯಂತ್ರ ತಿರುಗಿಸಲು ಶಿವನಸಮುದ್ರದಿಂದ 1902ರಲ್ಲೇ ವಿದ್ಯುತ್ತು ಓಡಿಬಂತು. ಬೆಂಗಳೂರಿನ ಬೀದಿ ದೀಪ ಕಂಡದ್ದು 1905ರಲ್ಲಿ. ಮೂರು ಕಿಲೋಮೀಟರಿಗೂ ಆಳದ ಕಾವಿನಲ್ಲಿ ಬಂಡೆ ಕೊರೆದವನಿಗೆ ಸಿಕ್ಕ ಪಾಲು ಎದೆಯ ರೋಗ.

1956ರಲ್ಲಿ ಗಣಿ ಮೈಸೂರು ಸರ್ಕಾರದ್ದಾಯಿತು, ಆಮೇಲೆ ಕೇಂದ್ರದ್ದು. ರಾಷ್ಟ್ರೀಕರಣ ಬೇಕೆಂದವರು ನಾವೇ. ಆದರೆ ಬೋರ್ಡು ಬದಲಾಯಿತೇ ಹೊರತು ಲೆಕ್ಕದ ಪುಸ್ತಕ ಬದಲಾಗಲಿಲ್ಲ. ಚಿನ್ನ ತೀರಿರಲಿಲ್ಲ, ತೆಗೆಯುವ ಖರ್ಚು ಬೆಲೆಯನ್ನು ಮೀರಿತ್ತು, ಅಷ್ಟೆ. 2001ರ ಫೆಬ್ರವರಿ 28ರಂದು ಬೀಗ ಬಿತ್ತು. ಪಂಪು ನಿಂತು ಸುರಂಗಗಳಲ್ಲಿ ನೀರು ತುಂಬಿತು. ಸಂಬಳದ ದಿನ ನಂಬಿ ಅಕ್ಕಿ ಬೇಳೆ ಸಾಲ ಕೊಟ್ಟ ರಾಬರ್ಟ್‌ಸನ್ ಪೇಟೆಯ ಅಂಗಡಿಯವನ ನಷ್ಟ ಯಾವ ಕಡತಕ್ಕೂ ಏರಲಿಲ್ಲ. ಗಣಿಯವನ ಮಕ್ಕಳು ನಸುಕಿನಲ್ಲೆದ್ದು ಬೆಂಗಳೂರಿನ ರೈಲು ಹಿಡಿಯುತ್ತಾರೆ. ಊರು ಮಲಗುವುದಕ್ಕೆ ಮಾತ್ರ!

ಉಳಿದದ್ದು ಸೈನೈಡ್ ದಿಬ್ಬ. ಗಾಳಿ ಎದ್ದರೆ ಅದರ ಧೂಳು ಅನ್ನದ ತಟ್ಟೆಗೆ. ಈಗ ಆ ದಿಬ್ಬದಲ್ಲೂ ಚಿನ್ನವಿದೆಯಂತೆ! ಅದನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಮಂತ್ರಿಮಂಡಲ ಒಪ್ಪಿತು. ಧೂಳು ತಿಂದವರು ಊರಿನವರು. ಚಿನ್ನ ಯಾರ ಪಾಲು? ದಿಬ್ಬಕ್ಕೆ ಹಾರೆ ಹಾಕುವ ಮುನ್ನ ವಾಸಿಸುವವನಿಗೆ ಮನೆಯ ಹಕ್ಕು, ಊರಿನ ಹುಡುಗರಿಗೆ ಕೆಲಸ, ಆದಾಯದಲ್ಲಿ ಊರಿಗೊಂದು ಪಾಲು, ಇಷ್ಟನ್ನು ಕಾಗದದ ಮೇಲೆ ಬರೆದುಕೊಡಿ. ಬಾಯಿಮಾತು ನಮಗೆ ಬೇಡ.