ಕಳೆಯನ್ನು ಹೆಸರಿನಿಂದಲ್ಲ, ಎಲೆಯಿಂದ ಗುರುತಿಸಿ

ನಮ್ಮ ಜನ ಕಳೆಗಳಿಗೂ ಪಕ್ಷದ ಹೆಸರು ಕಟ್ಟಿದ್ದಾರೆ. ಒಂದು ಕಾಂಗ್ರೆಸ್ ಗಿಡ, ಇನ್ನೊಂದು ಕಮ್ಯುನಿಸ್ಟ್ ಗಿಡ. ಇವೆರಡನ್ನು ಅದಲುಬದಲು ಮಾಡಿಕೊಳ್ಳುವುದು ನಕ್ಕು ಬಿಡುವ ಸಂಗತಿಯಲ್ಲ. ಒಂದರ ಸೊಪ್ಪು ಗದ್ದೆಗೆ ಗೊಬ್ಬರವಾಗುತ್ತದೆ. ಇನ್ನೊಂದು ಕೂಲಿಕಾರರ ಚರ್ಮಕ್ಕೆ ರೋಗ ತರುತ್ತದೆ.

ಕಮ್ಯುನಿಸ್ಟ್ ಗಿಡ ಕರಾವಳಿಗೆ ಹೊಸತಲ್ಲ. ಹಾಡಿಯ ಅಂಚಿನಲ್ಲಿ, ಹಕ್ಕಲಿನಲ್ಲಿ, ಪಾಳುಬಿದ್ದ ತೋಟದಲ್ಲಿ ಆಳೆತ್ತರ ಮೀರಿ ಪೊದೆಗಟ್ಟುತ್ತದೆ. ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ; ಮುಕ್ಕೋನದ ಆಕಾರ; ಬುಡದಿಂದಲೇ ಮೂರು ನರಗಳು ತ್ರಿಶೂಲದಂತೆ ಹೊರಡುತ್ತವೆ. ಹಿಸುಕಿದರೆ ಘಾಟು ವಾಸನೆ.

ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಬೇರೆಯೇ ಜಾತಿ. ಎಳೆಯದಿದ್ದಾಗ ಎಲೆಗಳು ನೆಲಕ್ಕಂಟಿ ಸುತ್ತಲೂ ಹರಡುತ್ತವೆ. ಎಲೆ ಸೇವಂತಿಗೆಯದರಂತೆ ಸೀಳುಸೀಳು. ಕಾಂಡಕ್ಕೆ ಉದ್ದುದ್ದ ಗೆರೆ, ಸಣ್ಣ ರೋಮ. ತುದಿಯಲ್ಲಿ ಅಕ್ಕಿನುಚ್ಚು ಚೆಲ್ಲಿದಂತೆ ಬಿಳಿ ಹೂ. ಬಾಗಿ ನೋಡಿದರೆ ಒಂದೊಂದರ ಅಂಚಿನಲ್ಲೂ ಐದು ಪುಟ್ಟ ಎಸಳು. ಬಿಳಿ ಟೋಪಿಯ ನೆನಪಿನಿಂದ ಆ ಹೆಸರು ಬಂತೆನ್ನುವವರಿದ್ದಾರೆ.

ಈ ಗಿಡದ ತವರು ಅಮೇರಿಕ ಖಂಡ. ಪುಣೆಯಲ್ಲಿ 1955ರಲ್ಲಿ ಇದು ಕಂಡುಬಂತು. ಪಿ.ಎಲ್. 480ರ ಗೋಧಿಯೊಡನೆ ಬಂತೆಂದು ಭಾಷಣಗಳಲ್ಲಿ ಹೇಳುವುದುಂಟು. ಆದರೆ ಆ ಕರಾರಿಗೆ ಭಾರತ ಸಹಿ ಹಾಕಿದ್ದು 1956ರಲ್ಲಿ. 1951ರಲ್ಲಿಯೇ ಅಮೇರಿಕದ ಧಾನ್ಯ ಸಾಲವಾಗಿ ಬಂದಿತ್ತಾದ್ದರಿಂದ ಗೋಧಿಯ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ವಿರೋಧಿಯನ್ನು ಹಳಿಯುವುದಕ್ಕೂ ತಾರೀಖು ಸರಿಯಿರಬೇಕು.

ಬರಿಗೈಯಲ್ಲಿ ಕಿತ್ತವರಿಗೆಲ್ಲ ಅದೇ ದಿನ ತೊಂದರೆ ಕಾಣದು. ಪದೇಪದೇ ಸೋಂಕಿದ ಮೇಲೆ ಕೈ, ಕತ್ತು, ಮುಖಗಳಲ್ಲಿ ತುರಿಕೆ ಹತ್ತುತ್ತದೆ, ಚರ್ಮ ದಪ್ಪಗಟ್ಟುತ್ತದೆ. ಹೂವಿನ ಧೂಳಿನಿಂದ ಕೆಲವರಿಗೆ ಸೀನು, ಉಬ್ಬಸ. ದಿನಗೂಲಿಯವರಿಗೆ ಇದು ಕಾಯಿಲೆ ಮಾತ್ರವಲ್ಲ, ಕೂಲಿಯ ನಷ್ಟ.

ಒಂದೇ ಗಿಡ 15,000ಕ್ಕೂ ಮಿಕ್ಕಿ ಬೀಜ ಉದುರಿಸಬಲ್ಲುದು. ಬೀಜ ಮಣ್ಣು, ಜಲ್ಲಿ, ಗೋಣಿಚೀಲ, ಲಾರಿಯ ಚಕ್ರಗಳೊಡನೆ ಊರೂರಿಗೆ ಸಾಗುತ್ತದೆ. ಆದುದರಿಂದ ಬಿಜೂರಿನ ರೈಲು ನಿಲ್ದಾಣದ ಆಸುಪಾಸು, ಹೆದ್ದಾರಿಯ ಅಂಚು, ಅಕ್ಕಿ ಗಿರಣಿಯ ಹಿತ್ತಿಲು, ಅಂಗಡಿಯ ಗೋದಾಮಿನ ಹಿಂಬದಿ ಇವುಗಳ ಮೇಲೆ ಮೊದಲು ಕಣ್ಣಿಡಬೇಕು. ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಇದನ್ನು ಗುರುತಿಸಲು ಕಲಿಯಬೇಕಾದುದು ಇದಕ್ಕಾಗಿಯೇ. ಕಂಡರೆ ಹೂ ಬಿಡುವ ಮೊದಲು, ನೆಲ ಒದ್ದೆಯಿದ್ದಾಗ, ಬೇರುಸಹಿತ ಕೀಳಬೇಕು. ಆಗ ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬಂದ ಮೇಲೆ ಹಾಕಿದರೆ ನಾವೇ ಗದ್ದೆಗೆ ಬೀಜ ಬಿತ್ತಿದಂತೆ.

ಕರ್ನಾಟಕ ಸರಕಾರ 1975ರಲ್ಲಿಯೇ ಇದನ್ನು ಪೀಡೆಯ ಕಳೆಯೆಂದು ಘೋಷಿಸಿತು. ಘೋಷಣೆಗೆ ಕಳೆ ಹೆದರಲಿಲ್ಲ. ಅದರ ಎಲೆ ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಆದರೂ ಕೈಯಿಂದ ಕೀಳುವುದು ತಪ್ಪಲಿಲ್ಲ. ಆ ಕೈಗಳು ಯಾರವು? ಹೆಚ್ಚಾಗಿ ಕೂಲಿ ಹೆಂಗಸರವು.

ಪಂಚಾಯತು, ರೈಲ್ವೆ, ತೋಟದ ಧಣಿ, ಯಾರೇ ಈ ಕಳೆ ಕೀಳಿಸಲಿ, ಕೈಗವಸು ಕೊಟ್ಟೇ ಕೆಲಸಕ್ಕೆ ಇಳಿಸಬೇಕೆಂದು ನಮ್ಮ ಒತ್ತಾಯ. ಅದರ ದುಡ್ಡನ್ನು ಕೂಲಿಯಲ್ಲಿ ಮುರಿಯಕೂಡದು. ಶ್ರಮಜೀವಿಗಳು ಒಬ್ಬೊಬ್ಬರಾಗಿ ಬೇಡದೆ ಒಟ್ಟಾಗಿ ಕೇಳಲಿ.