ಎಚ್‌ಪಿ ಎಷ್ಟೆಂದು ಹೇಳಬೇಕಾದ್ದು ದೋಣಿ

ಹೊಸೂರು, ಕೃಷ್ಣಗಿರಿ ಕಡೆಯ ರೈತರಿಗೆ ಎಚ್‌ಪಿ ಲೆಕ್ಕ ಹೊಸದಲ್ಲ. ಕೊಳವೆಬಾವಿಯಲ್ಲಿ ಐದರ ಪಂಪು ನೀರೆತ್ತದಿದ್ದರೆ ಏಳೂವರೆ, ಅದೂ ಸಾಲದಿದ್ದರೆ ಹತ್ತು. ಇದೇ ರೂಢಿಯಲ್ಲಿ ದೋಣಿಗೆ ಮೋಟಾರು ಕೊಂಡರೆ ಮಾತ್ರ ಜೀವಕ್ಕೆ ಸಂಚಕಾರ. ಹರಿಗೋಲು, ಹುಟ್ಟುಗಳೇ ಸಾಕಾಗಿದ್ದ ಈ ಸೀಮೆಯಲ್ಲಿ 2024ರ ಡಿಸೆಂಬರ್ ಆರಂಭದಲ್ಲಿ ಫೆಂಗಲ್ ಚಂಡಮಾರುತದ ಮಳೆ ಊತಂಗರೆಯೊಂದರಲ್ಲೇ ಸುಮಾರು 50 ಸೆಂಟಿಮೀಟರ್ ಸುರಿದು, ನಿಂತಿದ್ದ ವಾಹನಗಳನ್ನೇ ಕೊಚ್ಚಿಕೊಂಡು ಹೋಯಿತು. ಒಳನಾಡಿಗೂ ಮೋಟಾರು ದೋಣಿ ಬೇಕೆಂಬ ಮಾತನ್ನು ಇನ್ನು ತಳ್ಳಿಹಾಕುವಂತಿಲ್ಲ. ಹಗುರ, ತುಕ್ಕು ಹಿಡಿಯದ, ಟೆಂಪೊದಲ್ಲಿ ಸಾಗಿಸಬಹುದಾದ ಅಲ್ಯೂಮಿನಿಯಂ ದೋಣಿ ಅದಕ್ಕೆ ಒಪ್ಪುವಂಥದ್ದೇ. ಅದಕ್ಕೆ ಎಷ್ಟು ಶಕ್ತಿಯ ಮೋಟಾರು ಎಂಬುದನ್ನು ಜಲಾಶಯದ ವಿಸ್ತಾರವಾಗಲಿ ಕೊಳ್ಳುವವರ ಜೇಬಾಗಲಿ ತೀರ್ಮಾನಿಸಬಾರದು. ದೋಣಿಯ ಅಳತೆ ತೀರ್ಮಾನಿಸಬೇಕು.

ಅಮೆರಿಕದ ಕರಾವಳಿ ಕಾವಲು ಪಡೆಯ ನಿಯಮ ಇದಕ್ಕೊಂದು ಸರಳ ಲೆಕ್ಕ ಕೊಡುತ್ತದೆ. ದೋಣಿಯ ಉದ್ದವನ್ನೂ ಮೋಟಾರು ತಗುಲಿಸುವ ಹಿಂಬದಿ ಹಲಗೆಯ ಅಗಲವನ್ನೂ ಅಡಿಗಳಲ್ಲಿ ಅಳೆದು ಗುಣಿಸಬೇಕು. ಗುಣಲಬ್ಧ 35ರೊಳಗಿದ್ದರೆ 3 ಎಚ್‌ಪಿ, 40ರಿಂದ 42 ಇದ್ದರೆ ಏಳೂವರೆ, 46ರಿಂದ 52 ಇದ್ದರೆ 15. ಇವುಗಳ ನಡುವೆ ಐದು, ಹತ್ತರ ಮೆಟ್ಟಿಲುಗಳೂ ಇವೆ. ತಳ ಚಪ್ಪಟೆಯಾಗಿ ಅಂಚು ಚೂಪಾಗಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು. ಹಾಗಾಗಿ 12 ಅಡಿ ಉದ್ದ, 4 ಅಡಿ ಅಗಲದ ಚಪ್ಪಟೆ ದೋಣಿಗೆ ಮಿತಿ 10 ಎಚ್‌ಪಿ. ಹಲಗೆಯ ಅಗಲ ಮೂರೂವರೆ ಅಡಿಯಾದರೆ ಮಿತಿ ಐದಕ್ಕೆ ಕುಸಿಯುತ್ತದೆ. ಅರ್ಧ ಅಡಿ ತಗಡು ಕಡಿಮೆಯಾದದ್ದಕ್ಕೆ ಅರ್ಧ ಮೋಟಾರೇ ಹೋಯಿತು! ಇದು ಅಧಿಕಾರಿಗಳ ಹಟವಲ್ಲ. 15 ಎಚ್‌ಪಿಯ ಫೋರ್‌ಸ್ಟ್ರೋಕ್ ಮೋಟಾರು ಸುಮಾರು 50 ಕಿಲೊ ತೂಗುತ್ತದೆ. ಅದರ ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕು, ಹಿಡಿಕೆ ಹಿಡಿದು ಕೂತ ಚಾಲಕ. ಭಾರವೆಲ್ಲ ಹಿಂದೆ ಬಿದ್ದು ಮೂತಿ ಮೇಲೇಳುತ್ತದೆ, ಹಿಂಬದಿ ಅಂಚು ನೀರಿಗೆ ಹತ್ತಿರವಾಗುತ್ತದೆ. ವೇಗವಾಗಿ ಹೋಗುತ್ತಿರುವಾಗ ಥ್ರಾಟಲ್ ಬಿಟ್ಟರೆ ದೋಣಿಯೇ ಎಬ್ಬಿಸಿದ ಅಲೆ ಹಿಂದಿನಿಂದ ಬಂದು ಒಳನುಗ್ಗಬಹುದು.

ದೊಡ್ಡ ಮೋಟಾರು ಇಟ್ಟು ನಿಧಾನವಾಗಿ ಓಡಿಸಿದರಾಯಿತಲ್ಲ ಎನ್ನುವವರಿದ್ದಾರೆ. ನಿಧಾನಕ್ಕೆ ಓಡಿಸಿದರೆ ತೂಕವೇನೂ ಇಳಿಯುವುದಿಲ್ಲ. ಗಾಬರಿಯಲ್ಲಿ ಕೈ ಎಷ್ಟು ತಿರುಗುತ್ತದೆಂಬ ಖಾತರಿಯೂ ಇಲ್ಲ. ನೀರನ್ನು ಸೀಳಿಕೊಂಡು ಹೋಗುವ 12 ಅಡಿ ದೋಣಿಯ ಸಹಜ ವೇಗ ಗಂಟೆಗೆ ಎಂಟೂವರೆ ಕಿಲೊಮೀಟರಿನ ಆಸುಪಾಸು. ಅದನ್ನು ದಾಟಲು ದೋಣಿ ನೀರಿನ ಮೇಲೆ ಜಾರಬೇಕು, ನಾಲ್ಕು ಜನ ತುಂಬಿದ ಪುಟ್ಟ ದೋಣಿಗೆ ಅದು ಸುಲಭವಲ್ಲ. ಹೊಸೂರು ಸಮುದ್ರಮಟ್ಟದಿಂದ 900 ಮೀಟರ್‌ನಷ್ಟು ಎತ್ತರದಲ್ಲಿರುವುದರಿಂದ ಎಂಜಿನ್ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ, ದೊಡ್ಡದೇ ಬೇಕು ಎಂಬ ವಾದ ಇನ್ನೂ ಜಾಣತನದ್ದು. ಶಕ್ತಿ ಇಳಿಯುವುದು ನಿಜ, ತೂಕ ಇಳಿಯುವುದಿಲ್ಲವಲ್ಲ. ಹಲಗೆಗೆ ಇನ್ನೊಂದು ತಗಡು ಬೆಸುಗೆ ಹಾಕಿಸಿದರೂ ಗಟ್ಟಿಯಾಗುವುದು ಹಲಗೆ, ದೋಣಿಯ ತೇಲುವ ಶಕ್ತಿಯಲ್ಲ.

ಬಲವಾದ ಆಕ್ಷೇಪವೆಂದರೆ ನೆರೆಯದು. ಸೆಳವಿಗೆ ಎದುರು ಹೋಗಲಾರದ ಮೋಟಾರೂ ಅಪಾಯವೇ, ಇದನ್ನು ಒಪ್ಪಲೇಬೇಕು. ಆಗ ಬದಲಾಗಬೇಕಾದ್ದು ದೋಣಿ. 15 ಅಡಿ ಉದ್ದ, 5 ಅಡಿ ಹಲಗೆಯ ಚಪ್ಪಟೆ ದೋಣಿಗೆ ಅದೇ ನಿಯಮ 20 ಎಚ್‌ಪಿ ದಾಟಲು ಬಿಡುತ್ತದೆ. ರಕ್ಷಣೆಗೆ ಅಂಥದ್ದನ್ನು ಕೊಳ್ಳಲಿ. ಹೊಸೂರಿನ ಕೆಲವರಪಳ್ಳಿ ಜಲಾಶಯದಲ್ಲಿ ಮೀನು ಹಿಡಿಯಲು ಅದು ಬೇಡ. ಬೆಂಗಳೂರಿನ ಕೊಳಚೆ ಹೊತ್ತು ನೊರೆಗರೆಯುತ್ತ ಬರುವ ದಕ್ಷಿಣ ಪಿನಾಕಿನಿಯ ನೀರಿನಲ್ಲಿ ಪ್ರೊಪೆಲ್ಲರಿಗೆ ಕಳೆ ಸುತ್ತಿಕೊಂಡರೆ ಕೈಹಿಡಿಯುವುದು ಹುಟ್ಟು, ಎಚ್‌ಪಿಯಲ್ಲ.

ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ಮೋಟಾರು ದೋಣಿಗೆ ಗರಿಷ್ಠ ಎಚ್‌ಪಿ, ಜನ, ತೂಕ ನಮೂದಿಸಿದ ಫಲಕ ಇರಲೇಬೇಕು. ನಮ್ಮಲ್ಲೂ 1917ರ ಕಾಯ್ದೆಯ ಜಾಗಕ್ಕೆ ಬಂದಿರುವ 2021ರ ಒಳನಾಡು ನೌಕೆಗಳ ಕಾಯ್ದೆ ಯಂತ್ರಚಾಲಿತ ನೌಕೆಗೆ ತಪಾಸಣೆ, ನೋಂದಣಿ ವಿಧಿಸಿದೆ. ಆದರೂ 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಿತಿಮೀರಿ ಜನ ತುಂಬಿದ್ದ ದೋಣಿ ಮಗುಚಿ 22 ಮಂದಿ ಸತ್ತರು. ದಾಖಲೆ ಕಚೇರಿಯ ಕಡತದಲ್ಲಿದ್ದರೆ ಹತ್ತುವವರಿಗೆ ಕಾಣುವುದಿಲ್ಲ. ನೋಂದಣಿ ಸಂಖ್ಯೆಯ ಪಕ್ಕದಲ್ಲೇ, ಮೋಟಾರು ಬಿಗಿಯುವ ಹಲಗೆಯ ಮೇಲೆ, ಇಷ್ಟು ಎಚ್‌ಪಿ, ಇಷ್ಟು ಜನ, ಇಷ್ಟು ಕಿಲೊ ಎಂದು ತಮಿಳಿನಲ್ಲೂ, ಹೊಸೂರಿನ ಗಡಿಯೂರುಗಳಲ್ಲಿ ಕನ್ನಡ, ತೆಲುಗಿನಲ್ಲೂ ಬರೆಸಲು ಹೊಸ ಕಾನೂನೇನೂ ಬೇಕಿಲ್ಲ. ಒಂದು ಡಬ್ಬಿ ಬಣ್ಣದ ಖರ್ಚು.