ಎಡಗಾಲು ಕಲಿಸಿದ ಮಾಸ್ತರರು

ಮೊನ್ನೆ ಸಂಜೆ ಮೊಮ್ಮಗ ಶಾಲೆಯಿಂದ ಬಂದವನೇ ಚೀಲ ಒಗೆದು ಮೂಲೆ ಹಿಡಿದು ಕೂತ. "ಅಜ್ಜಾ, ನನ್ನ ಫುಟ್‌ಬಾಲ್ ಟೀಮಿನ್ಯಾಗ ತಗೊಂಡಿಲ್ಲ. ನಿನಗ ಎಡಗಾಲು ಬರಂಗಿಲ್ಲ ಅಂದ್ರು."

ಜಮಖಂಡಿ, ಮುಧೋಳದ ಕಡೆಯವರಾದ ನಮಗೆ ಗೊತ್ತಿರುವುದು ಕುಸ್ತಿ ಮತ್ತು ಸೈಕಲ್ಲು. ಫುಟ್‌ಬಾಲಿನಲ್ಲಿ ನಾನೂ ದಡ್ಡನೇ. ಆದರೂ ಅವನಿಗೆ ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಮರ ಕಥೆ ಹೇಳಿದೆ. 'ಮೈದಾನ್' ಸಿನಿಮಾ ನೋಡಿದ ಮಕ್ಕಳಿಗೆ ಈ ಹೆಸರು ಗೊತ್ತಿರಬಹುದು.

ರಹೀಮರು ಶಾಲಾ ಮಾಸ್ತರರು. ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ತಿದ್ದಿ ತೀಡಿದವರು ಅವರೇ. ಆ ತಂಡ 1950ರಿಂದ 54ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. 1950ರಿಂದ ಕೊನೆಯುಸಿರಿನವರೆಗೂ ಅವರು ಭಾರತ ತಂಡದ ಕೋಚ್ ಆಗಿದ್ದರು.

ಅವರು ಹುಡುಗರಿಗೆ ವಿಚಿತ್ರ ಪಂದ್ಯಗಳನ್ನು ಇಡುತ್ತಿದ್ದರು. ಒಂದರಲ್ಲಿ ಬಲ ಕಡಿಮೆಯಿರುವ ಕಾಲಿನಿಂದಷ್ಟೇ ಒದೆಯಬೇಕು. ಇನ್ನೊಂದರಲ್ಲಿ ಚೆಂಡನ್ನು ಕಾಲಲ್ಲೇ ಆಡಿಸುತ್ತ ಓಡುವಂತಿಲ್ಲ, ಜೊತೆಗಾರನಿಗೆ ಕೊಡಲೇಬೇಕು. (ಬ್ಯಾಂಕಿನಲ್ಲಿದ್ದಾಗ ಒಮ್ಮೆ ಬಲಗೈ ಹೆಬ್ಬೆರಳು ಬಾತು, ತಿಂಗಳಿಡೀ ಎಡಗೈಯಲ್ಲಿ ನೋಟು ಎಣಿಸಿದ್ದೆ. ಮೊದಲ ವಾರ ಸಾಲಿನಲ್ಲಿ ನಿಂತವರ ಗೊಣಗಾಟ ಕೇಳಬೇಕಿತ್ತು!)

1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಅವರ ತಂಡ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ನಾಲ್ಕನೆಯ ಸ್ಥಾನ ಪಡೆಯಿತು. ನಮ್ಮ ಬೆಂಗಳೂರಿನ ಕೆಂಪಯ್ಯನವರೂ ಆ ತಂಡದಲ್ಲಿದ್ದರು.

1962ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 0-2 ಸೋಲು. ಅಷ್ಟರಲ್ಲಿ ರಹೀಮರಿಗೆ ಶ್ವಾಸಕೋಶದ ಕ್ಯಾನ್ಸರ್ ಆಗಿತ್ತು. ಗೋಲು ಕಾಯುವ ಸಾಲಿನ ಜರ್ನೈಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿದ್ದರು. ಬೇರೆ ಯಾರಾದರೂ ಅವರನ್ನು ಹೊರಗೆ ಕೂರಿಸುತ್ತಿದ್ದರು. ರಹೀಮರು ಮುಂದಿನ ಸಾಲಿಗೆ ತಂದು ಗೋಲು ಹೊಡೆಯಲು ಬಿಟ್ಟರು! ಫೈನಲ್‌ನಲ್ಲಿ ಮತ್ತೆ ಅದೇ ಕೊರಿಯಾ. ಪಿ. ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು ಹೊಡೆದರು. ಭಾರತಕ್ಕೆ 2-1ರ ಗೆಲುವು, ಚಿನ್ನ. ಏಷ್ಯನ್ ಗೇಮ್ಸ್ ಫುಟ್‌ಬಾಲಿನಲ್ಲಿ ಆಮೇಲೆ ನಮಗೆ ಚಿನ್ನ ಸಿಕ್ಕಿಲ್ಲ.

ಒಂಬತ್ತು ತಿಂಗಳಿಗೆ, 1963ರ ಜೂನ್ 11ರಂದು ಮಾಸ್ತರರು ತೀರಿಕೊಂಡರು. ಆಗ ನಾನೂ ಶಾಲೆಗೆ ಹೋಗುವ ಹುಡುಗ. ಅವರ ಹೆಸರು ನನ್ನ ಕಿವಿಗೆ ಬಿದ್ದದ್ದು ಮಾತ್ರ ನಿವೃತ್ತನಾದ ಮೇಲೆ. ನಾಚಿಕೆಯ ಮಾತೇ.

ಮೊಮ್ಮಗ ಸುಮ್ಮನೆ ಕೇಳಿದ. ಮರುದಿನ ಹಿತ್ತಲಲ್ಲಿ ಧಡ್ ಧಡ್ ಸಪ್ಪಳ. ಎಡಗಾಲಲ್ಲಿ ಒದ್ದ ಚೆಂಡು ಗೋಡೆ ಬಿಟ್ಟು ನನ್ನವ್ವನ ಕಾಲದ ತುಳಸಿಕಟ್ಟೆಗೆ ಬಡಿಯುತ್ತಿದೆ. "ಅಜ್ಜಾ, ನೀ ಗೋಲಿನ್ಯಾಗ ನಿಂದ್ರು ಬಾ" ಎಂದು ಕರೆಯುತ್ತಿದ್ದಾನೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಹೊರಟಿದ್ದೇನೆ.